ಕಲ್ಲಿನ ತೇರಿನ ಅಸಲಿ ರೂಪ ಯಾವುದು?

2017ರಲ್ಲಿ ಬಂದ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ತೇರಿದೆ. ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ತಳವಾರಘಟ್ಟದಲ್ಲಿ ಇಳಿದು ವಿಠ್ಠಲನ ಗುಡಿಗೆ ನಡೆದವರಿಗೆ ಕಾಣುವುದೂ ಅದೇ ರೂಪ. ಆದರೆ ಹಳೆಯ ಕಾಲದವರು ಕಂಡ ತೇರು ಹೀಗಿರಲಿಲ್ಲ. ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವಿತ್ತು. ಮುಂದೆ ಆನೆಗಳ ಬದಲು ಕುದುರೆಗಳಿದ್ದವು. ಗಾಲಿಗಳು ತಿರುಗುತ್ತಿದ್ದವು. ಮೈತುಂಬ ಬಣ್ಣವಿತ್ತು. ಇಷ್ಟನ್ನೂ ಕಳೆದುಕೊಂಡ ಮೇಲೆ ಉಳಿದಿದ್ದನ್ನೇ ನಾವು ಅಸಲಿ ಎಂದು ನೋಟಿನ ಮೇಲೆ ಅಚ್ಚು ಹಾಕಿಕೊಂಡಿದ್ದೇವೆ.

‘ಮೊದಲು ಹೇಗಿತ್ತೋ ಹಾಗೇ ಮಾಡಿಬಿಡಿ’ ಎನ್ನುವುದು ಸುಲಭ. ಈ ಮಾತಿನ ಕಷ್ಟ ಪುರಾತತ್ತ್ವದವರಿಗೆ ಎಷ್ಟು ಗೊತ್ತೋ ಹಳೆಯ ಗಾಡಿ ದುರಸ್ತಿ ಮಾಡುವವರಿಗೂ ಅಷ್ಟೇ ಗೊತ್ತು. ಫೋಕ್ಸ್‌ವ್ಯಾಗನ್ ಕಂಪನಿಯ ದುಂಡು ಮೂತಿಯ ವ್ಯಾನು 1950ರಲ್ಲಿ ಜರ್ಮನಿಯ ಕಾರ್ಖಾನೆಯಿಂದ ಹೊರಬರತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಮಲಗುವ ಹಾಸು, ಕಪಾಟು ಜೋಡಿಸಿ ಕ್ಯಾಂಪರ್ ವ್ಯಾನಾಗಿಸಿತು. ಮುಂದೆ ಎಷ್ಟೋ ಜನ ಸಾಮಾನು ಸಾಗಿಸುವ ಬರಿಯ ವ್ಯಾನುಗಳನ್ನು ಕೊಂಡು ತಾವೇ ಒಳಗೆ ಒಲೆ ಹಾಸಿಗೆ ಹಾಕಿಸಿಕೊಂಡರು. ಅಂಥ ವ್ಯಾನೊಂದು ಈಗ ಗ್ಯಾರೇಜಿಗೆ ಬಂದರೆ ಅದನ್ನು ಕಾರ್ಖಾನೆಯಿಂದ ಬಂದ ದಿನದ ಖಾಲಿ ವ್ಯಾನಾಗಿ ಮಾಡಬೇಕೋ, ನಲವತ್ತು ವರ್ಷ ಊರೂರು ತಿರುಗಿದ ಮನೆಯಾಗಿಯೇ ಉಳಿಸಬೇಕೋ? ಎರಡೂ ನಿಜ, ಆದರೆ ಎರಡನ್ನೂ ಒಟ್ಟಿಗೆ ಮಾಡಲಾಗದು.

ಕಲ್ಲಿನ ಕಟ್ಟಡಗಳಿಗೆ ಈ ಬಗ್ಗೆ 1964ರಲ್ಲಿ ವೆನಿಸ್ ಸನ್ನದು ಬಂತು. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ತಿರುಳು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸುಮಾರು ಅರ್ಧ ಶತಮಾನದ ನಂತರ ತನ್ನ ಟ್ಯೂರಿನ್ ಸನ್ನದನ್ನು ಬರೆಯುವಾಗ ಈ ವೆನಿಸ್ ಸನ್ನದನ್ನೇ ಮಾದರಿಯಾಗಿಟ್ಟುಕೊಂಡಿತು. ಗುಡಿ ರಿಪೇರಿಯ ನಿಯಮ ಹೀಗೆ ಗಾಡಿ ರಿಪೇರಿಗೂ ಬಂತು. ಗಾಡಿಯೂ ಗುಡಿಯೂ ಒಂದೇ ಆಗಿರುವ ಕಲ್ಲಿನ ತೇರಿಗೆ ಎರಡೂ ಸಲ್ಲುತ್ತವೆ.

ಸಾಕ್ಷಿಗಳನ್ನು ನೋಡೋಣ. ಶಿಖರವಿತ್ತು ಎಂಬುದಕ್ಕೆ ಆಧಾರ ಒಂದು ಫೋಟೊ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಬೆಳ್ಳಿಯ ಲವಣ ಸವರಿದ ಆ ಕಾಗದದ ಮೇಲೆ ಚಿತ್ರ ಮೂಡಲು ಕ್ಯಾಮೆರಾ ಬಹಳ ಹೊತ್ತು ಅಲುಗಾಡದೆ ನಿಲ್ಲಬೇಕಿತ್ತು. ಕಲ್ಲಿಗಿಂತ ತಾಳ್ಮೆಯ ಮಾಡೆಲ್ ಇಲ್ಲವಲ್ಲ. ಆ ಚಿತ್ರದಲ್ಲಿ ತೇರಿನ ಮೇಲೆ ಶಿಖರ ಸ್ಪಷ್ಟವಾಗಿದೆ. ಆಮೇಲೆ ಅದನ್ನು ಇಳಿಸಿದರು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂದು ಲೆಕ್ಕ ಹಾಕಬಹುದು.

ಕುದುರೆಗಳಿಗೆ ಸಾಕ್ಷಿ ತೇರಿನಲ್ಲೇ ಇದೆ. ಈಗಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲಗಳ ಉಳಿಕೆ ಕಾಣುತ್ತದೆ. ಆನೆಗಳನ್ನು ಬೇರೆಲ್ಲಿಂದಲೋ ತಂದು ಕೂರಿಸಿದ್ದಾರೆ. ಅವುಗಳ ಅಳತೆಯೂ ತೇರಿಗೆ ಹೊಂದುವುದಿಲ್ಲ. ಹಾಗೆಂದು ಕಿತ್ತುಹಾಕಬಹುದೇ? ಲಕ್ಷಾಂತರ ಜನ ಆ ಆನೆಗಳನ್ನೇ ತೇರಿನ ಭಾಗವೆಂದು ನೋಡಿದ್ದಾರೆ. ತಾವೇ ಒಲೆ ಹಾಸಿಗೆ ಹಾಕಿಸಿಕೊಂಡವರ ವ್ಯಾನಿನ ಪ್ರಶ್ನೆ ಇಲ್ಲಿ ಕಲ್ಲಿನ ರೂಪದಲ್ಲಿ ಎದುರಾಗುತ್ತದೆ.

ಬಣ್ಣದ ವಿಷಯ ಇನ್ನೂ ಕುತೂಹಲದ್ದು. ಹಳೆಯ ವ್ಯಾನಿನ ಮೂಲ ಬಣ್ಣ ತಿಳಿಯಬೇಕಾದರೆ ಬಲ್ಲ ಟಿಂಕರ್ ಹೊರಮೈಯನ್ನು ನೋಡುವುದಿಲ್ಲ. ಬಾಗಿಲ ಒಳಹಾಳೆ ಬಿಚ್ಚುತ್ತಾನೆ, ನಂಬರ್ ಪ್ಲೇಟಿನ ಹಿಂದೆ ಇಣುಕುತ್ತಾನೆ. ಸಂಶಯವಿದ್ದರೆ ಒಂದು ಚಿಕ್ಕ ಜಾಗದಲ್ಲಿ ಉಜ್ಜುಕಾಗದವನ್ನು ದುಂಡಗೆ ಆಡಿಸುತ್ತಾನೆ. ಅಂಚಿನಿಂದ ನಡುವಿನ ಕಡೆಗೆ ಹೊಸ ಬಣ್ಣ, ಪುಟ್ಟಿ, ಹಳೆಯ ಬಣ್ಣ, ಪ್ರೈಮರ್, ಕೊನೆಗೆ ತಗಡು ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತವೆ. ಒಳಗಿನ ಉಂಗುರ ಎಲ್ಲಕ್ಕಿಂತ ಹಳೆಯದು. ಕಲ್ಲಿನ ತೇರಿನಲ್ಲೂ ಬಣ್ಣದ ಗುರುತು ಉಳಿದಿರುವುದು ಅಡಿಭಾಗದಲ್ಲಿ, ಮಳೆ ಬಿಸಿಲು ತಾಗದ ಸಂದುಗಳಲ್ಲಿ. ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನು ಹಿಡಿದಿಟ್ಟ ಅಂಟನ್ನು ಒಡೆಯುತ್ತದೆ, ಮಳೆ ಉಳಿದ ಪುಡಿಯನ್ನು ತೊಳೆಯುತ್ತದೆ. ನೆರಳಿನ ಮೂಲೆಗಳು ಪಾರಾಗುತ್ತವೆ.

ಇನ್ನು ದುರಸ್ತಿಯ ಸಾಮಗ್ರಿ. ಹಳೆಯ ಗಾಡಿಯ ಮುಖ್ಯ ಶತ್ರು ತುಕ್ಕು. ಎರಡು ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಸಂದಿನಲ್ಲಿ ಕಿಟಕಿಯ ರಬ್ಬರ್ ಬಳಿಯಿಂದ ಇಳಿದ ನೀರು ನಿಂತರೆ, ಒಳಗಡೆ ಆಮ್ಲಜನಕ ಕಡಿಮೆ, ಹೊರ ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವಾಗಿ ಒಳಗಿನ ಕಬ್ಬಿಣ ಕರಗುತ್ತದೆ. ಮೇಲೆ ಪೇಂಟು ಹೊಳೆಯುತ್ತಿರುವಾಗಲೇ ಒಳಗೆ ತಗಡು ಪೊಳ್ಳಾಗಿರುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. ಅದು ಊದಿಕೊಂಡು ಬೆಸುಗೆಯನ್ನು ಬಿಡಿಸುತ್ತದೆ. ಇದೇ ಬಲ ಕಲ್ಲನ್ನೂ ಸೀಳಬಲ್ಲದು. ಅಥೆನ್ಸಿನ ಪಾರ್ಥೆನಾನ್‌ನಲ್ಲಿ ಇಪ್ಪತ್ತನೇ ಶತಮಾನದ ಆರಂಭದ ದುರಸ್ತಿಗೆ ಬಳಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಅಮೃತಶಿಲೆಯನ್ನೇ ಒಡೆದವು. ಈಗ ಅವುಗಳನ್ನು ತೆಗೆದು ಟೈಟೇನಿಯಂ ಹಾಕುತ್ತಿದ್ದಾರೆ. ಗಟ್ಟಿಯಾಗಲಿ ಎಂದು ಮಾಡಿದ ದುರಸ್ತಿಯಿಂದಲೇ ಹಾನಿಯಾಯಿತು.

ಸುಣ್ಣ ಮತ್ತು ಸಿಮೆಂಟಿನ ಜಗಳವೂ ಇದೇ ಜಾತಿಯದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರಲ್ಲಿ ಅರಳಿಸಿ ಗಾರೆ ಮಾಡಿ ಹಚ್ಚಿದರೆ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಗಾರೆ ಮೆತ್ತನೆಯದು, ತೇವವನ್ನು ಹೊರಗೆ ಬಿಡುತ್ತದೆ, ಬೇಕೆಂದರೆ ಕೆರೆದು ತೆಗೆಯಬಹುದು. ಸಿಮೆಂಟು ಬಿಗಿ, ತೇವವನ್ನು ತಡೆದು ಪಕ್ಕದ ಇಟ್ಟಿಗೆಯತ್ತ ತಳ್ಳುತ್ತದೆ, ಅಲ್ಲಿ ಲವಣ ಹರಳುಗಟ್ಟಿ ಇಟ್ಟಿಗೆ ಉದುರುತ್ತದೆ. ತೇರಿನ ಗಾಲಿಗಳನ್ನು ತಿರುಗದಂತೆ ಮಾಡಿರುವುದು ಸಿಮೆಂಟಿನಿಂದಲೇ. ಉದ್ದೇಶ ಸರಿಯಾದದ್ದು: ಬಂದವರೆಲ್ಲ ಗಾಲಿ ತಿರುಗಿಸಿದರೆ ಕಣಶಿಲೆಯ ಅಚ್ಚಿನ ಮೇಲೆ ಕಣಶಿಲೆಯೇ ಅರೆಯುತ್ತದೆ, ಎರಡೂ ಸವೆಯುತ್ತವೆ. ಕಲ್ಲು ಉಳಿಯಲೆಂದು ಚಲನೆಯನ್ನು ಬಿಟ್ಟುಕೊಟ್ಟರು. ವ್ಯಾನಿನವರು ಈ ಒಪ್ಪಂದಕ್ಕೆ ಒಪ್ಪುವುದಿಲ್ಲ. ಓಡದ ಗಾಡಿ ಅಸಲಿಯಲ್ಲ ಎಂಬುದು ಅವರ ವಾದ. ಓಡಲೆಂದು ಅವರು ಬ್ರೇಕು, ಟೈರು, ವೈರು ಹೊಸದಾಗಿ ಹಾಕಿಸುತ್ತಾರೆ.

ಮೂರನೆಯ ದಾರಿಯೊಂದು ಆನೆಗೊಂದಿಯ ದಡದಲ್ಲೇ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿಟ್ಟ: ಒಳಗೆ ಹೆಣಿಗೆ, ಹೊರಗೆ ತೊಗಲು, ಜನರ ಜೊತೆಗೆ ಕುದುರೆ ಎತ್ತುಗಳೂ ದಾಟುತ್ತವೆ, ಸಾಗುವಾಗ ಸುತ್ತುತ್ತಲೇ ಇರುತ್ತವೆ. ಇವತ್ತಿನ ಹರಿಗೋಲಿಗೂ ಈ ವರ್ಣನೆ ಬಹುಪಾಲು ಒಪ್ಪುತ್ತದೆ. ಎರಡೂವರೆ ಮೀಟರ್ ಅಗಲದ ಹರಿಗೋಲಿನ ತಳ ಸುಮಾರು ಐದು ಚದರ ಮೀಟರ್. ಹತ್ತು ಜನ ಹತ್ತಿ, ದೋಣಿಯ ಭಾರವೂ ಸೇರಿ ಏಳುನೂರು ಕಿಲೊ ಆದರೂ ಅದು ನೀರಿನಲ್ಲಿ ಮುಳುಗುವುದು ಹದಿನಾಲ್ಕು ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ನೀರಿನೊಳಗೆ ಬಂಡೆಗಳೇ ತುಂಬಿರುವ ಹೊಳೆಗೆ ಇದಕ್ಕಿಂತ ತಕ್ಕ ಆಕಾರವಿಲ್ಲ. ದಿಕ್ಕು ಹಿಡಿಯುವ ಏಣು ತಳದಲ್ಲಿಲ್ಲದ ಕಾರಣ ಹುಟ್ಟು ಒಂದೇ ಬದಿಗೆ ಬಿದ್ದರೆ ಸುತ್ತುತ್ತದೆ. ಅಂಬಿಗ ಎರಡೂ ಬದಿಗೆ ಹಾಕಿ ಅದನ್ನು ಪಳಗಿಸುತ್ತಾನೆ.

ಈಗ ತೊಗಲಿಲ್ಲ, ಬಿದಿರ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಬಿದಿರೂ ಕೆಲವೇ ವರ್ಷಕ್ಕೆ ಹೋಗುತ್ತದೆ. ಪಾಯೆಸ್ ಕಂಡ ದೋಣಿಯ ಒಂದು ಕಡ್ಡಿಯೂ ಉಳಿದಿಲ್ಲ. ಉಳಿದಿರುವುದು ಆಕಾರ, ಹೆಣೆಯುವ ಕೈ, ದಾಟಿಸುವ ಕೆಲಸ. ವಸ್ತುವಿನಲ್ಲಷ್ಟೇ ಅಲ್ಲ, ರೂಪ, ಬಳಕೆ, ಕುಶಲತೆಯಲ್ಲೂ ಅಸಲಿತನವಿದೆ ಎಂದು ಜಪಾನಿನ ನಾರಾ ನಗರದಲ್ಲಿ 1994ರಲ್ಲಿ ತಜ್ಞರು ಒಪ್ಪಿದ್ದು ಇಂಥ ಉದಾಹರಣೆಗಳಿಗೇ ಸಲ್ಲುತ್ತದೆ. 2019ರ ಜುಲೈನಲ್ಲಿ ನಿಧಿಗಳ್ಳರು ಇದೇ ಹೊಳೆಯ ನಡುವಿನ ನವವೃಂದಾವನ ಗಡ್ಡೆಯಲ್ಲಿ ಯತಿ ವ್ಯಾಸರಾಜರ ಸಮಾಧಿಯಾದ ವೃಂದಾವನವನ್ನು ಕೆಡವಿದಾಗ, ಭಕ್ತರು ಕೆಲವೇ ದಿನಗಳಲ್ಲಿ ಕಲ್ಲುಗಳನ್ನು ಕೂಡಿಸಿ ಪೂಜೆ ಶುರುಮಾಡಿದರು. ಪೂಜೆ ನಡೆಯುವ ಜಾಗಕ್ಕೆ ಬಳಕೆಯೇ ಮೊದಲ ಅಸಲಿ.

ಹಾಗಾಗಿ ದುರಸ್ತಿಗೆ ಕೈಹಾಕುವ ಮೊದಲು ಯಾವ ಅಸಲಿ ಬೇಕೆಂದು ಆರಿಸಿಕೊಳ್ಳಬೇಕು. ಹರಿಗೋಲು ಬಳಕೆಯನ್ನು ಆರಿಸಿಕೊಂಡಿದೆ, ತೇರು ಕಲ್ಲನ್ನು. ವ್ಯಾನಿನ ಒಡೆಯ ಇನ್ನೂ ಆರಿಸಬೇಕು; ಆರಿಸಿದ ಮೇಲೆ ಗ್ರೈಂಡರ್ ಹಚ್ಚುವ ಮುನ್ನ ಪ್ರತಿ ಮೂಲೆಯ ಫೋಟೊ ತೆಗೆದು, ಬಿಚ್ಚಿದ್ದನ್ನು ಬರೆದಿಟ್ಟು, ಮುಂದಿನವರು ಬಿಚ್ಚಬಲ್ಲ ರೀತಿಯಲ್ಲೇ ಜೋಡಿಸಬೇಕು. ತೇರಿನ ಶಿಖರವನ್ನು ಮತ್ತೆ ಏರಿಸುವುದು ಈ ಲೆಕ್ಕದಲ್ಲಿ ತೇರ್ಗಡೆಯಾಗದು. ಫೋಟೊ ಶಿಖರದ ಹೊರಮೈಯನ್ನು ತೋರಿಸುತ್ತದೆ, ಒಳಕಟ್ಟನ್ನಲ್ಲ. ಭಾರ ಮಾತ್ರ ಖಂಡಿತವಾಗಿ ಐನೂರು ವರ್ಷದ ಕಲ್ಲಿನ ಮೇಲೆ ಬೀಳುತ್ತದೆ. ಗ್ರೀನ್‌ಲಾನ ಚಿತ್ರದ ದೊಡ್ಡ ಪ್ರತಿಯೊಂದನ್ನು ತೇರಿನ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು. ನೋಡುವವರು ಶಿಖರವನ್ನು ಕಣ್ಣಿನಲ್ಲೇ ಏರಿಸಿಕೊಳ್ಳುತ್ತಾರೆ, ಕಲ್ಲಿಗೆ ಒಂದು ಗ್ರಾಂ ಭಾರವೂ ಹೆಚ್ಚುವುದಿಲ್ಲ.