ಪೇಟೆ ಬೀದಿಯ ಪುನರಭಿವೃದ್ಧಿ: ರಸ್ತೆ ಅಗಲದ ಲೆಕ್ಕ ಮತ್ತು ಮಾನದಂಡಗಳು

ಹೋಬಳಿ ಕೇಂದ್ರಗಳಲ್ಲಿಯೂ ಸಂತೆ ನಡೆಯುವ ದೊಡ್ಡ ಗ್ರಾಮಗಳಲ್ಲಿಯೂ ಪೇಟೆ ಬೀದಿಯನ್ನು ಹೊಸದಾಗಿ ರೂಪಿಸುವ ಪ್ರಸ್ತಾವ ಬಂದಾಗ ಮೊದಲು ಕೇಳಿಬರುವ ಬೇಡಿಕೆ ಅಗಲೀಕರಣದ್ದು. ಎಷ್ಟು ಅಗಲ, ಯಾರಿಗಾಗಿ ಎಂಬ ಪ್ರಶ್ನೆಗಳು ಅಂದಾಜು ಪಟ್ಟಿ ಸಿದ್ಧವಾದ ಮೇಲೆ ಏಳುತ್ತವೆ. ಅಷ್ಟರಲ್ಲಿ ತಿದ್ದುಪಡಿಗೆ ಅವಕಾಶ ಉಳಿದಿರುವುದಿಲ್ಲ. ಆದುದರಿಂದ ಸದಸ್ಯರು ಕ್ರಿಯಾ ಯೋಜನೆಗೆ ಅನುಮೋದನೆ ನೀಡುವ ಮುನ್ನವೇ ಕೆಲವು ಅಳತೆಗಳನ್ನು ತಿಳಿದಿರುವುದು ಅಗತ್ಯ.

ಈ ಅಳತೆಗಳನ್ನು ಭಾರತೀಯ ರಸ್ತೆ ಕಾಂಗ್ರೆಸ್ ನಿಗದಿಪಡಿಸಿದೆ. ಏಕಪಥದ ರಸ್ತೆಗೆ 3.75 ಮೀಟರ್, ಮಧ್ಯಮ ಪಥಕ್ಕೆ 5.5 ಮೀಟರ್, ದ್ವಿಪಥಕ್ಕೆ 7 ಮೀಟರ್ ಅಗಲ ಸಾಮಾನ್ಯ ನಿಯಮ. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಯಾವ ಅಡೆತಡೆಯೂ ಇಲ್ಲದೆ ತೆರೆದಿರಬೇಕು. ಅದರ ಅಂಚುಕಲ್ಲು 150 ಮಿಲಿಮೀಟರ್ ಮೀರಬಾರದು. ಗಾಲಿಕುರ್ಚಿ ಏರಿಳಿಯುವ ಇಳಿಜಾರು 12ಕ್ಕೆ 1ರ ಪ್ರಮಾಣಕ್ಕಿಂತ ಕಡಿದಾಗಿರಬಾರದು.

ಎದುರುಬದುರಿನ ಅಂಗಡಿಗಳ ನಡುವೆ 9 ಮೀಟರ್ ಅಂತರವಿರುವ ಬೀದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದ್ವಿಪಥವನ್ನೇ ಹಾಕಬೇಕೆಂದು ಹಟ ಹಿಡಿದರೆ ಎರಡು ಬದಿಗೂ ತಲಾ ಒಂದೇ ಮೀಟರ್ ಉಳಿಯುತ್ತದೆ. ಅದನ್ನು ಚರಂಡಿಯೇ ನುಂಗುತ್ತದೆ. ಶಾಲೆಗೆ ಹೋಗುವ ಮಕ್ಕಳು, ಸಂತೆಯ ಚೀಲ ಹೊತ್ತ ವೃದ್ಧರು ಬಸ್ಸಿನ ಮಗ್ಗುಲಲ್ಲೇ ನಡೆಯಬೇಕಾಗುತ್ತದೆ. ಎರಡೂ ಬದಿಗೆ 1.8 ಮೀಟರಿನ ಪಾದಚಾರಿ ಮಾರ್ಗ ಕೊಟ್ಟು ಚರಂಡಿಯನ್ನು ಅದರ ಚಪ್ಪಡಿಗಳ ಕೆಳಗೆ ಒಯ್ದರೆ ವಾಹನಗಳಿಗೆ 5.4 ಮೀಟರ್ ಸಿಗುತ್ತದೆ. ಮಧ್ಯಮ ಪಥಕ್ಕೆ ಇದು 10 ಸೆಂಟಿಮೀಟರ್ ಕಡಿಮೆಯೇ ಹೌದು. ಆಗ ಏಕಮುಖ ಸಂಚಾರ, ಬಸ್ಸಿಗೆ ಬೇರೆ ದಾರಿ ಮುಂತಾದ ಪರ್ಯಾಯಗಳನ್ನು ಗ್ರಾಮಸಭೆಯಲ್ಲಿ ಮುಕ್ತವಾಗಿ ಚರ್ಚಿಸಬೇಕು. ಅಂಗಡಿಯ ಮುಂದೆಯೇ ಕಾರು ನಿಲ್ಲಬೇಕೆಂಬ ಬೇಡಿಕೆಯನ್ನೂ ಇದೇ ಲೆಕ್ಕದಲ್ಲಿ ನೋಡಬೇಕು: ಒಂದು ಕಾರು ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗವನ್ನು ಬೇಡುತ್ತದೆ.

ಸರಕು ಇಳಿಸುವ ಲಾರಿಗಳಿಗೆ ವೇಳೆ ನಿಗದಿಪಡಿಸುವುದು ಖರ್ಚಿಲ್ಲದ ಉಪಾಯ. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯನ್ನು 2021ರಲ್ಲಿ ಪುನರ್‌ರೂಪಿಸಿದಾಗ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ನಮ್ಮ ಪೇಟೆಗಳಿಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ; ಸಂತೆಯ ದಿನ ಬೆಳಗಿನ ಕೆಲವು ಗಂಟೆಗಳಿಗೆ ಲಾರಿಗಳನ್ನು ಸೀಮಿತಗೊಳಿಸಿದರೂ ಸಾಕು. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಿಂದ ಕಲಿಯಬೇಕಾದುದು ಬೇರೊಂದಿದೆ. ಅಲ್ಲಿ ನೀರು, ಒಳಚರಂಡಿ, ವಿದ್ಯುತ್ ಮಾರ್ಗಗಳಿಗೆ ಮೊದಲೇ ಸ್ಥಳ ನಿಗದಿಪಡಿಸಿದ ನಂತರ ಮೇಲ್ಮೈಯನ್ನು ಹಾಸಲಾಯಿತು. ಕಾಂಕ್ರೀಟ್ ಹಾಕಿದ ಮರುತಿಂಗಳೇ ನಲ್ಲಿ ಸಂಪರ್ಕಕ್ಕಾಗಿ ಅಗೆಯುವ ದೃಶ್ಯ ನಮ್ಮಲ್ಲಿ ಯಾರಿಗೂ ಹೊಸದಲ್ಲ.

ರಸ್ತೆಯ ಎತ್ತರವನ್ನು ಯಾರೂ ಕೇಳುವುದಿಲ್ಲ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಕುತ್ತ ಹೋದಂತೆ ರಸ್ತೆ ಏರಿ, ಮನೆಗಳ ಹೊಸ್ತಿಲು ತಗ್ಗಿಗೆ ಇಳಿಯುತ್ತದೆ. ಮೊದಲ ಮಳೆಗೇ ಬೀದಿಯ ನೀರು ಒಳಗೆ ನುಗ್ಗುತ್ತದೆ. ಪರಿಹಾರ ಕೇಳುವವರು ಪಂಚಾಯಿತಿ ಕಚೇರಿಗೇ ಬರುತ್ತಾರೆ. ಹೊಸ ರಸ್ತೆಯ ಮಟ್ಟ ಅಕ್ಕಪಕ್ಕದ ಹೊಸ್ತಿಲುಗಳಿಗಿಂತ ಕೆಳಗಿರುವುದೇ ಎಂದು ಇಂಜಿನಿಯರರಿಂದ ಲಿಖಿತವಾಗಿ ಪಡೆಯುವುದು ಒಳಿತು.

ರಸ್ತೆ ಉಬ್ಬುಗಳ ವಿಷಯದಲ್ಲಿಯೂ ಅಳತೆಯಿದೆ. ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ರೂಪಿಸಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿರಬೇಕು. ಮುಂಚಿತ ಸೂಚನಾ ಫಲಕವೂ ಕಪ್ಪು-ಬಿಳಿ ಪಟ್ಟೆಗಳೂ ಬೇಕು. ರಾತ್ರೋರಾತ್ರಿ ಜಲ್ಲಿ ಸುರಿದು ಮಾಡಿದ ಗುಡ್ಡೆ ವೇಗಕ್ಕಿಂತ ಮೊದಲು ಗರ್ಭಿಣಿಯರ, ದ್ವಿಚಕ್ರ ಸವಾರರ ಬೆನ್ನನ್ನು ಮುರಿಯುತ್ತದೆ.

ಪೇಟೆ ಬೀದಿ ರಾಜ್ಯ ಹೆದ್ದಾರಿಯ ಅಥವಾ ಜಿಲ್ಲಾ ಮುಖ್ಯ ರಸ್ತೆಯ ಭಾಗವಾಗಿದ್ದಲ್ಲಿ ಲೋಕೋಪಯೋಗಿ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಮಗಾರಿ ಆರಂಭಿಸಬಾರದು. ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಕಾರಣ ಮರಣ ಅಥವಾ ಅಂಗವೈಕಲ್ಯ ಸಂಭವಿಸಿದರೆ, ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಹಾಗೂ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಅವಕಾಶ ನೀಡುತ್ತದೆ. ಆದ್ದರಿಂದ ಅಂದಾಜು ಪಟ್ಟಿಯೊಂದಿಗೆ ಬೀದಿಯ ಅಡ್ಡಕೊಯ್ತದ ನಕ್ಷೆಯನ್ನೂ ಕೇಳಿ ಪಡೆದು, ಅಳತೆಗಳನ್ನು ಸ್ಥಳದಲ್ಲಿ ಟೇಪು ಹಿಡಿದು ತಾಳೆ ನೋಡಿದ ಬಳಿಕವೇ ಸಭೆಯ ನಡಾವಳಿಯಲ್ಲಿ ದಾಖಲಿಸುವುದು.