ಬೆರಳ ತುದಿಯ ತೀರ್ಪು

ಹಾರ್ಬರ್ ಲೈನಿನ ಲೋಕಲ್ ಡಾಕ್‌ಯಾರ್ಡ್ ರೋಡ್, ರೇ ರೋಡ್ ದಾಟಿ ಕಾಟನ್ ಗ್ರೀನ್‌ನಲ್ಲಿ ನಿಂತಾಗ ನನ್ನ ಜೊತೆ ಇಳಿದುಬಿಡಿ. ಹಳಿಯ ಪೂರ್ವಕ್ಕೆ ಹೊರಳಿದರೆ ಬಂದರಿನ ಗೋದಾಮುಗಳ ಸಾಲು, ತುಕ್ಕು ತಿಂದ ತಗಡು, ಲಾರಿಗಳೆಬ್ಬಿಸಿದ ಧೂಳು, ಡೀಸೆಲ್ ಘಾಟು. ಅದರ ನಡುವೆ ಕೊಲ್ಲಿಯ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಸುಳಿಯುವ ಉಪ್ಪುಗಾಳಿ. ಕೋಟೆ ಪ್ರದೇಶದ ಬಯಲಿನಲ್ಲಿ ಶುರುವಾದ ಮುಂಬೈಯ ಹತ್ತಿ ಪೇಟೆ ಕೊಲಾಬಾಕ್ಕೆ ಸರಿದು, ಕಡೆಗೆ ಇಲ್ಲಿಗೆ ಬಂದು ನೆಲೆನಿಂತಿತು. ಕಾಟನ್ ಎಕ್ಸ್‌ಚೇಂಜ್ ಕಟ್ಟಡ ಈಗಲೂ ಇದೆ. 1921ರಲ್ಲಿ ಪುರುಷೋತ್ತಮದಾಸ್ ಠಾಕುರದಾಸರ ಮುಂದಾಳ್ತನದಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಷನ್, ಹೆಸರು ಬದಲಿಸಿಕೊಂಡು ಕಾಟನ್ ಅಸೋಸಿಯೇಷನ್ ಆಫ್ ಇಂಡಿಯಾ ಆಗಿ, ಅದೇ ಸೂರಿನಡಿ ಕುಳಿತಿದೆ.

ಹತ್ತಿಯ ತಕರಾರು ಕಾಗದದ ಮೇಲೆ ಬಗೆಹರಿಯುವಂಥದ್ದಲ್ಲ. ಒಳ್ಳೆಯ ಬೆಳಕಿರುವ ಕಡೆ ಮೇಜಿನ ಮೇಲೆ ನಮೂನೆಯ ಪೊಟ್ಟಣ ಬಿಚ್ಚುತ್ತಾರೆ. ಅರಳೆ ಉಸಿರು ಬಿಟ್ಟು ಹಿಗ್ಗುತ್ತದೆ. ಬಿತ್ತದ ಎಣ್ಣೆಯ ಮಂದ ವಾಸನೆ ಮೂಗಿಗೆ ಬಡಿದು, ಕಣ್ಣಿಗೆ ಕಾಣದಷ್ಟು ನವಿರಾದ ನಾರು ಗಂಟಲಲ್ಲಿ ಕೂತು ಕೆಮ್ಮು ಬರಿಸುತ್ತದೆ. ಪರೀಕ್ಷಿಸುವವನು ಮಾತಾಡುವುದಿಲ್ಲ. ಅಜ್ಜಿ ಅನ್ನದ ಅಗುಳು ಹಿಚುಕಿ ನೋಡುವಂತೆ ಒಂದು ಚಿಟಿಕೆ ಅರಳೆ ತೆಗೆದು, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತಾನೆ, ತುದಿಗಳನ್ನು ಕೂಡಿಸುತ್ತಾನೆ, ಮತ್ತೆ ಎಳೆಯುತ್ತಾನೆ. ಅಡ್ಡಾದಿಡ್ಡಿ ನಾರುಗಳೆಲ್ಲ ಒಂದೇ ದಿಕ್ಕಿಗೆ ಬಾಚಿಕೊಂಡ ಮೇಲೆ ಕಪ್ಪು ಬಟ್ಟೆಯ ಮೇಲಿಟ್ಟು ಎಳೆಯ ಉದ್ದ ನೋಡುತ್ತಾನೆ. ಎಲೆಚೂರು ಎಷ್ಟು, ಹಳದಿ ಕಲೆ ಎಷ್ಟು, ಒದ್ದೆಯೇನಾದರೂ ಇದೆಯೇ ಎಂಬುದನ್ನೆಲ್ಲ ಅಂಗೈಯೇ ಹೇಳಬೇಕು. ಇವನು ಕಾನೂನು ಓದಿದ ನ್ಯಾಯಾಧೀಶನಲ್ಲ, ಇದೇ ಪೇಟೆಯಲ್ಲಿ ಪಳಗಿದವನು. ಮಾರಿದವನು ಒಬ್ಬ ಪಂಚನನ್ನು, ಕೊಂಡವನು ಇನ್ನೊಬ್ಬನನ್ನು ಆರಿಸುತ್ತಾನೆ. ಆ ಪಂಚರಿಬ್ಬರಿಗೆ ಹೊಂದದಿದ್ದರೆ ಅಂಪೈರ್ ಬರುತ್ತಾನೆ. ತೀರ್ಪು ಬರುವುದು ಹಣದಲ್ಲಿ: ಖಂಡಿಗೆ, ಅಂದರೆ ಸುಮಾರು 356 ಕಿಲೋಗೆ, ಇಷ್ಟು ರೂಪಾಯಿ ಕಡಿತ.

ಈ ವ್ಯವಸ್ಥೆ ಯಾರೋ ಇಂಗ್ಲಿಷರು ಹಡಗಿನಲ್ಲಿ ತಂದಿಳಿಸಿದ್ದು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಬೇರು ಇನ್ನೂ ಆಳಕ್ಕಿದೆ. ಪ್ರಾಚೀನ ರೋಮ್‌ನಲ್ಲಿ ಪ್ರೇಟರ್ ಎಂಬ ಅಧಿಕಾರಿ ಜಗಳ ಕೇಳಿ, ‘ಹೀಗೆಂದು ಕಂಡುಬಂದರೆ ದಂಡ ಹಾಕು, ಇಲ್ಲವಾದರೆ ಬಿಟ್ಟುಬಿಡು’ ಎಂಬ ಸೂತ್ರ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಮುಂದಿನ ವಿಚಾರಣೆ ಇಬ್ಬರೂ ಒಪ್ಪಿದ ಒಬ್ಬ ಸಾಮಾನ್ಯ ನಾಗರಿಕನದು. ಅವನು ಯೂಡೆಕ್ಸ್. ಅವನ ತೀರ್ಪೂ ಹಣದಲ್ಲೇ. ಇಂತಿಷ್ಟೇ ಸಾಲ ಎಂದು ದಾವೆ ಹೂಡಿ, ಕೊಡಬೇಕಾದ್ದಕ್ಕಿಂತ ಒಂದೇ ನಾಣ್ಯ ಹೆಚ್ಚು ಕೇಳಿದ್ದರೂ ಪೂರ್ತಿ ಕಳೆದುಕೊಳ್ಳಬೇಕು. ಆದರೆ ಲೆಕ್ಕ ಖಚಿತವಿಲ್ಲದ ಕಡೆ, ಪಾಲುದಾರಿಕೆಯಲ್ಲೋ ಆಸ್ತಿ ಪಾಲಿನಲ್ಲೋ, ಆರ್ಬಿಟರ್ ಕೂತು ಯಾವುದು ನ್ಯಾಯವೋ ಅದನ್ನು ತೂಗುತ್ತಿದ್ದ. ಕಾಟನ್ ಗ್ರೀನ್‌ನ ಪಂಚರು ಈ ಎರಡನೆಯವನ ವಂಶ ಎಂದೇ ನನಗನ್ನಿಸುತ್ತದೆ.

ಎರಡನೇ ಶತಮಾನದ ಲೇಖಕ ಔಲಸ್ ಗೆಲ್ಲಿಯಸ್ ಸ್ವತಃ ಯೂಡೆಕ್ಸ್ ಆಗಿದ್ದವನು. ಅವನ ಮುಂದೆ ಬಂದ ಒಂದು ದಾವೆಯಲ್ಲಿ ಸಾಲ ಕೊಟ್ಟೆನೆನ್ನುವವನು ಸಜ್ಜನ, ಆದರೆ ಸಾಕ್ಷಿ ಪತ್ರ ಯಾವುದೂ ಇಲ್ಲ. ಇಲ್ಲವೆನ್ನುವವನು ಹೆಸರುವಾಸಿ ಠಕ್ಕ. ಗೆಲ್ಲಿಯಸ್ ತತ್ತ್ವಜ್ಞಾನಿ ಫೇವೊರಿನಸ್‌ನನ್ನೂ ಕೇಳಿ ನೋಡಿ, ಕೊನೆಗೆ ‘ನನಗೆ ಸ್ಪಷ್ಟವಾಗುತ್ತಿಲ್ಲ’ ಎಂದು ಪ್ರಮಾಣ ಮಾಡಿ ಬಿಡುಗಡೆ ಪಡೆದ. ಹತ್ತಿಯವರಿಗೆ ಆ ಭಾಗ್ಯವಿಲ್ಲ. ಮಾಲು ಗೋದಾಮಿನಲ್ಲಿ ಕೂತಿರುತ್ತದೆ, ಬಾಡಿಗೆ ಏರುತ್ತಿರುತ್ತದೆ.

ಈ ಜಗಳಗಳಲ್ಲಿ ನಮ್ಮವರ ಪಾಲೂ ಸಣ್ಣದಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಬರುತ್ತಿದ್ದುದರಿಂದ ಪೇಟೆಯಲ್ಲಿ ಅದರ ಹೆಸರೇ ಕುಮಟಾ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಬೆಲೆ ಮುಗಿಲಿಗೇರಿದಾಗ ಕಲಬೆರಕೆಯೂ ಏರಿತು. ಅದನ್ನು ತಡೆಯಲೆಂದೇ 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ಕಾಯ್ದೆ ತಂದಿತು.

ಈಗ ಎಳೆಯ ಉದ್ದ, ಬಲ, ನವಿರುತನವನ್ನು ಯಂತ್ರಗಳು ಕ್ಷಣದಲ್ಲಿ ಅಳೆದು ಮುದ್ರಿಸಿ ಕೊಡುತ್ತವೆ. ಇದೇ ಊರಿನ ಮಾಟುಂಗಾದಲ್ಲಿ 1924ರಿಂದಲೂ ಹತ್ತಿಯ ಪ್ರಯೋಗಾಲಯವಿದೆ. ಬೆರಳಿನ ಕೆಲಸ ಕಡಿಮೆಯಾಯಿತು, ನಿಜ. ಆದರೆ ಯಂತ್ರಕ್ಕೆ ಕೊಟ್ಟ ನಮೂನೆ ಯಾವ ಬೇಲಿನದು, ಮಳೆ ತಾಗಿದ್ದು ಲಾರಿಯಲ್ಲೋ ಗೋದಾಮಿನಲ್ಲೋ ಎಂಬ ಪ್ರಶ್ನೆ ಹುಟ್ಟಿದಾಗ ಮನುಷ್ಯನೇ ಕೂರಬೇಕು.

ಹುಬ್ಬಳ್ಳಿ, ಹಾವೇರಿ, ರಾಯಚೂರು ಕಡೆಯಿಂದ ಹತ್ತಿ ಕಳಿಸುವ ಓದುಗರಿದ್ದರೆ ಒಂದು ಮಾತು. ಕರಾರಿನಲ್ಲಿ ಪಂಚರ ಬಗ್ಗೆ ಇರುವ ಸಾಲನ್ನು ಓದದೆ ಸಹಿ ಹಾಕಬೇಡಿ. 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ಅವರ ತೀರ್ಪು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಅದನ್ನು ಪ್ರಶ್ನಿಸಲು ಮೂರು ತಿಂಗಳ ಅವಕಾಶ, ತಕ್ಕ ಕಾರಣ ತೋರಿಸಿದರೆ ಇನ್ನು ಮೂವತ್ತು ದಿನ.