ನೋಡಿ ಕಲಿತ ತುತ್ತು

ಗೋಕಾಕ ಫಾಲ್ಸಿನ ತೂಗುಸೇತುವೆಯ ಹತ್ತಿರ, ಕಲ್ಲುಕಟ್ಟೆಯ ಮೇಲೆ ತಾಯಿಮಂಗವೊಂದು ಶೇಂಗಾ ಬಿಡಿಸುತ್ತ ಕೂತಿದೆ. ಮಳೆಗಾಲ. ಘಟಪ್ರಭೆಯ ಕೆಂಪುನೀರು 52 ಮೀಟರ್ ಎತ್ತರದಿಂದ ಬಿದ್ದು ಏಳಿಸುವ ತುಂತುರು ಕಟ್ಟೆಯವರೆಗೂ ಬಂದು ಅದರ ಮೈಗೂದಲನ್ನು ಒದ್ದೆ ಮಾಡುತ್ತಿದೆ. ತಾಯಿಗೆ ಅದರ ಗೊಡವೆಯೇ ಇಲ್ಲ. ಹಲ್ಲಿನಿಂದ ಸಿಪ್ಪೆ ಒಡೆದು, ಕಾಳು ಬಾಯಿಗೆ ಹಾಕಿ, ಕೆನ್ನೆಯ ಚೀಲಕ್ಕೆ ತಳ್ಳುತ್ತದೆ. ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಮೆಲ್ಲಗೆ ಮೇಲೆ ಸರಿದು ತಾಯಿಯ ಬಾಯಿಗೆ ತನ್ನ ಮೂತಿ ಹಚ್ಚಿ ಮೂಸುತ್ತದೆ. ಒಮ್ಮೆ, ಮತ್ತೊಮ್ಮೆ. ಆಮೇಲೆ ಕೆಳಗಿಳಿದು ಬಿದ್ದ ಸಿಪ್ಪೆಯೊಂದನ್ನು ಎತ್ತಿ, ಅದನ್ನೂ ಮೂಸಿ, ಕಚ್ಚಿ ನೋಡುತ್ತದೆ. ಒಳಗೆ ಏನೂ ಇಲ್ಲ. ಇನ್ನೊಂದನ್ನು ಎತ್ತುತ್ತದೆ.

ಆ ಮೂಸುವಿಕೆ ಮರಿಯ ಮೊದಲ ಪಾಠ. ಯಾವುದು ತಿನ್ನತಕ್ಕದ್ದು, ಯಾವುದು ಅಲ್ಲ ಎಂಬ ತಿಳಿವಳಿಕೆಯನ್ನೆಲ್ಲ ಮಂಗ ಹುಟ್ಟುವಾಗಲೇ ಹೊತ್ತು ತರುವುದಿಲ್ಲ. ಅದರಲ್ಲಿ ದೊಡ್ಡ ಪಾಲು ತಾಯಿಯ ಬಾಯಿಂದ, ಓರಗೆಯವರ ಕೈಯಿಂದ ಬರುತ್ತದೆ. ಜಪಾನಿನ ಕೊಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಎಂಬ ಎಳೆಯ ಹೆಣ್ಣುಮಂಗ ಮಣ್ಣು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಅದರ ಓರಗೆಯವು ಕಲಿತವು, ತಾಯಿ ಕಲಿಯಿತು, ವರ್ಷಗಳು ಕಳೆದಂತೆ ಹೊಸ ಮರಿಗಳಿಗೆ ಅದು ಹಿಂಡಿನ ರೂಢಿಯೇ ಆಯಿತು. ವಯಸ್ಸಾದ ಗಂಡುಗಳು ಮಾತ್ರ ಹೆಚ್ಚಿನಂಶ ಕಲಿಯಲೇ ಇಲ್ಲ. ತುತ್ತಿಗಾಗಿ ಮಂಗ ಮನುಷ್ಯನತ್ತಲೂ ತಿರುಗುತ್ತದೆ: ನಮ್ಮ ಬಂಡೀಪುರದ ಮಂಗಗಳು ದಾರಿಹೋಕರತ್ತ ಕೂಗು ಹಾಕಿ ಕೈ ಚಾಚಿ ತಿನಿಸು ಬೇಡುತ್ತವೆ. ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬರೀ ಹಸಿವಿನ ಚಡಪಡಿಕೆ ಎನ್ನಲಿಲ್ಲ, ಮನುಷ್ಯನನ್ನು ಉದ್ದೇಶಿಸಿ ಆಡಿದ ಸನ್ನೆ ಎಂದು ಗುರುತಿಸಿತು.

ಫಾಲ್ಸಿನ ಕಟ್ಟೆಯ ಮೇಲೂ ಪಾಠ ನಡೆದೇ ಇದೆ. ಯಾರೋ ಬಿಟ್ಟುಹೋದ ಚಿಪ್ಸ್ ಪಾಕೀಟನ್ನು ಹರೆಯದ ಮಂಗ ಎಳೆದುಕೊಂಡು ಹೋಗಿ, ಅಂಚಿನ ಮಡಿಕೆಗೆ ಸರಿಯಾಗಿ ಹಲ್ಲು ಊರಿ ಸರ್‍ರನೆ ಸೀಳುತ್ತದೆ. ಮೊಳದ ದೂರದಲ್ಲಿ ಕೂತ ಇನ್ನೆರಡು ಮರಿಗಳು ಕಣ್ಣು ಕೀಳದೆ ನೋಡುತ್ತವೆ. ನನಗೆ ಸಂಕಟವಾಗುವುದು ಇಲ್ಲಿ. ಹತ್ತಿರದ ಯೋಗಿಕೊಳ್ಳದ ಗುಡ್ಡದಲ್ಲಿ ಯಾವ ಚಿಗುರು ಯಾವ ತಿಂಗಳಲ್ಲಿ ತಿನ್ನಲು ಹದ, ಯಾವ ಕಾಯಿ ಕಹಿ, ಆಲದ ಹಣ್ಣು ಎಲ್ಲಿ ಮೊದಲು ಕೆಂಪಾಗುತ್ತದೆ ಎಂಬ ಅರಿವು ಎಷ್ಟೋ ತಲೆಮಾರು ತಾಯಿಯಿಂದ ಮಗಳಿಗೆ ಸಾಗಿ ಬಂದದ್ದು. ಯಾರೂ ಬರೆದಿಡದ ವಿದ್ಯೆ ಅದು. ಗುಡ್ಡ ಹತ್ತದ ತಾಯಿಯ ಮರಿಗೆ ಅದನ್ನು ಹೇಳಿಕೊಡುವವರು ಬೇರೆ ಯಾರಿದ್ದಾರೆ? ಒಂದೇ ತಲೆಮಾರು ಸಾಕು, ಅದು ಕಡಿದುಹೋಗಲು.

ಕೆಂಪುಮೂತಿಯ ಮಂಗದಿಂದ ಕರಿಮೂತಿಯ ಮುಸಿಯನ ಕಡೆಗೆ ಬಂದರೆ ಕತೆಯೇ ಬೇರೆ, ಅಲ್ಲಿ ಮಾತು ಕಲಿಕೆಯದಲ್ಲ, ವಿಕಾಸದ್ದು. ಹಗ್ಗದಷ್ಟುದ್ದ ಬಾಲದ ಈ ಮುಸಿಯ, ಪ್ರಾಣಿಗಳ ನಡವಳಿಕೆಯ ವಿಜ್ಞಾನದಲ್ಲಿ ದೊಡ್ಡ ಹೆಸರು ಪಡೆದದ್ದು ಇಲ್ಲಿಗೆ ದೂರವಲ್ಲದ ಧಾರವಾಡದ ಕಾಡಿನಲ್ಲಿ. ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ 1961ರಿಂದ 1963ರವರೆಗೆ ಅಲ್ಲಿ ಮುಸಿಯಗಳ ಹಿಂಡುಗಳನ್ನು ನೋಡಿದರು. ಹೊರಗಿನ ಗಂಡುಗಳು ಹಿಂಡಿನ ಮೇಲೆ ಬಿದ್ದು, ಒಡೆಯ ಗಂಡನ್ನು ಓಡಿಸಿ, ಅವುಗಳಲ್ಲೊಂದು ಹಿಂಡಿನ ಯಜಮಾನಿಕೆ ಹಿಡಿದು, ಹಳೆಯ ಗಂಡಿಗೆ ಹುಟ್ಟಿದ ಮರಿಗಳನ್ನು ಕೊಂದುಹಾಕಿದ್ದನ್ನು ಅವರು ದಾಖಲಿಸಿದರು. ಪಂಡಿತರಿಗೆ ನಂಬುವುದು ಕಷ್ಟವಾಯಿತು, ಇಕ್ಕಟ್ಟಿನಿಂದ ಬಂದ ರೋಗ ಎಂದರು ಹಲವರು. ಅಬು ಪರ್ವತದ ಮುಸಿಯಗಳನ್ನು ಅಭ್ಯಾಸ ಮಾಡಿದ ಸಾರಾ ಹರ್ಡಿ 1977ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದೇ ಬೇರೆ: ಮರಿ ಕಳೆದುಕೊಂಡ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ, ಹೊಸ ಗಂಡಿನ ಸಂತಾನಕ್ಕೆ ಅದರಿಂದ ದಾರಿಯಾಗುತ್ತದೆ. ಹನುಮಪ್ಪನೆಂದು ಕೈಮುಗಿಯುವ ಪ್ರಾಣಿಯ ಬಗ್ಗೆ ಇದನ್ನು ಓದುವಾಗ ಎದೆ ಭಾರವಾಗುತ್ತದೆ. ಆದರೂ ಓದಬೇಕು. ವಿಕಾಸಕ್ಕೆ ದಯೆಯೂ ಗೊತ್ತಿಲ್ಲ, ದ್ವೇಷವೂ ಗೊತ್ತಿಲ್ಲ.

ಅದೇ ಮುಸಿಯನ ಹೊಟ್ಟೆಯೊಳಗೆ ಇನ್ನೊಂದು ಸೋಜಿಗವಿದೆ. ಅದು ಬಲಿತ ಎಲೆಯನ್ನೂ ಅರಗಿಸಿಕೊಳ್ಳುತ್ತದೆ, ಏಕೆಂದರೆ ಅದರ ಜಠರಕ್ಕೆ ಹಲವು ಕೋಣೆಗಳು. ಮೊದಲ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ಸೊಪ್ಪನ್ನು ಹುಳಿಯಿಸಿದ ಮೇಲೆ ಆ ಜೀವಿಗಳನ್ನೇ ಒಡೆದು ಜೀರ್ಣಿಸುವ ಲೈಸೊಝೈಮ್ ಎಂಬ ಕಿಣ್ವ ಅದಕ್ಕೆ ಬೇಕು. ಮುಸಿಯನ ಈ ಕಿಣ್ವದಲ್ಲಿ ಆದ ಬದಲಾವಣೆಗಳು ಆಕಳಿನ ಕಿಣ್ವದಲ್ಲಿ ಆದವನ್ನೇ ಹೋಲುತ್ತವೆ ಎಂದು 1987ರಲ್ಲಿ ಗೊತ್ತಾಯಿತು. ರಕ್ತಸಂಬಂಧ ಬಹಳ ದೂರದ್ದು, ಊಟ ಮಾತ್ರ ಒಂದೇ ಬಗೆಯದು. ಊಟ ಇಬ್ಬರನ್ನೂ ಒಂದೇ ದಾರಿಗೆ ತಂದಿತು.

ಆ ಆಕಳನ್ನು ನೋಡಲು ಮೂಡಲಗಿಯ ದನದ ಸಂತೆಗೆ ಬರಬೇಕು. ಗೂಟಕ್ಕೆ ಕಟ್ಟಿದ ಕಿಲಾರಿ ಹೋರಿಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತಿವೆ, ಆಚೆ ಸಾಲಿನಲ್ಲಿ ಕಪ್ಪುಬಿಳುಪಿನ ಎಚ್‌ಎಫ್ ಆಕಳು, ಅದರಾಚೆ ಮುರ್ರಾ ಎಮ್ಮೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ. ರೊಕ್ಕ ಎಣಿಸಿ ಕೊಟ್ಟ ರೈತ ಕೊನೆಗೊಂದು ಸಂಶಯ ಕೇಳುತ್ತಾನೆ: “ಕಬ್ಬಿನ ವಾಡಿ ತಿಂತೈತೇನ್ರಿ?” ಮಾರಿದವನ ಉತ್ತರ ಸಿದ್ಧವಿದೆ: “ಮೊದಲಿಗೆ ಮುಟ್ಟೂದಿಲ್ರೀ ಕಾಕಾ. ನಿಮ್ಮ ಹಳೇ ಎತ್ತಿನ ಮಗ್ಗಲಾಗ ನಾಕು ದಿನ ಕಟ್ರಿ, ಅದನ್ನ ನೋಡಿ ತಾನ ತಿಂತೈತಿ.” ಅಮೆರಿಕದ ಯೂಟಾದಲ್ಲಿ ಫ್ರೆಡ್ ಪ್ರೊವೆನ್ಜಾ ದಶಕಗಳ ಕಾಲ ಕುರಿಮರಿ, ಕರುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ: ಮೇಯುವ ಪ್ರಾಣಿ ಮೇವಿನ ಆಯ್ಕೆಯನ್ನು ತಾಯಿಯ ಜತೆ, ಜತೆಗಾರರ ಜತೆ ಕಲಿಯುತ್ತದೆ.

ಮನುಷ್ಯ ಆಕಳ ಹಾಲು ಕರೆಯಲು ಕಲಿತದ್ದು ಅವನ ರಕ್ತವನ್ನೇ ತಿದ್ದಿತು. ಸಸ್ತನಿಗಳಲ್ಲಿ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕುಗ್ಗುವುದು ವಾಡಿಕೆ. ದನ ಕಟ್ಟಿಕೊಂಡ ಜನರಲ್ಲಿ ದೊಡ್ಡವರಾದ ಮೇಲೂ ಆ ಶಕ್ತಿ ಉಳಿಸುವ ವಂಶವಾಹಿ ಹರಡಿತು. ಯುರೋಪಿನಲ್ಲಿ ಕಂಡ ಅದೇ ಮಾರ್ಪಾಡು ಭಾರತದಲ್ಲೂ ಇದೆ ಎಂದು 2012ರಲ್ಲಿ ತಿಳಿದುಬಂತು. ಅದು ಇಲ್ಲದವರು ಹೆಪ್ಪು ಹಾಕಲು ಕಲಿತರು. ಹೆಪ್ಪಿನ ಜೀವಿಗಳು ಗಡಿಗೆಯಲ್ಲೇ ಅರ್ಧ ಕೆಲಸ ಮುಗಿಸಿಕೊಡುತ್ತವೆ. ವಂಶವಾಹಿ ಇಲ್ಲದ ಮನೆಯಲ್ಲಿ ಮಜ್ಜಿಗೆ ಇದೆ!

ಗೋಕಾಕದ ಕರದಂಟಿನ ಭಟ್ಟಿಯ ಮುಂದೆ ನಿಂತರೆ, ತುತ್ತಿನ ಪಾಠ ತಾಯಿಯಿಂದ ಬರುತ್ತದೆ ಎಂಬ ಮಾತು ಇನ್ನೂ ಹತ್ತಿರಕ್ಕೆ ಬರುತ್ತದೆ. ಕಾದ ತುಪ್ಪಕ್ಕೆ ಬಿದ್ದ ಅಂಟಿನ ಹರಳು ಚಟಪಟನೆ ಅರಳಿ ಬೆಳ್ಳಗಾಗುತ್ತದೆ. ಬೆಲ್ಲದ ಪಾಕ ಎಳೆ ಬರುತ್ತಿದ್ದಂತೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ ಸೇರುತ್ತವೆ. ಮರದ ಅಂಟು ತಿನ್ನುವುದು ಮನುಷ್ಯನಿಗಿಂತ ಹಳೆಯ ಚಾಳಿ, ಪೂರ್ವ ಆಫ್ರಿಕಾದ ಪಾಟಾಸ್ ಮಂಗಗಳು ಜಾಲಿ ಜಾತಿಯ ಮರಗಳ ಅಂಟನ್ನು ಹುಡುಕಿ ಹುಡುಕಿ ತಿನ್ನುತ್ತವೆ. ನಮ್ಮಲ್ಲಿ ಅದೇ ಅಂಟಿನ ಉಂಡಿ ಬಾಣಂತಿಯ ಪಥ್ಯ. ಫಿಲಡೆಲ್ಫಿಯಾದ ಜೂಲಿ ಮೆನೆಲ್ಲಾ 2001ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಬಸಿರಿನಲ್ಲಿ ಅಥವಾ ಮೊಲೆಯೂಡಿಸುವಾಗ ಗಜ್ಜರಿ ರಸ ಕುಡಿದ ತಾಯಂದಿರ ಕೂಸುಗಳು ಗಜ್ಜರಿಯ ರುಚಿಯ ಗಂಜಿಯನ್ನು ಅಷ್ಟಾಗಿ ಮುಖ ಸಿಂಡರಿಸದೆ ತಿಂದವು. ರುಚಿ ಹಾಲಿನಲ್ಲಿ ಇಳಿಯುತ್ತದೆ. ಕೋಣೆಯ ಕತ್ತಲಲ್ಲಿ ಮಲಗಿದ ಈ ಸೀಮೆಯ ಕೂಸು ಹಲ್ಲು ಬರುವ ಮೊದಲೇ ತನ್ನ ನೆಲದ ಊಟದ ಪರಿಚಯ ಮಾಡಿಕೊಂಡಿರುತ್ತದೆ.

ಧೂಪದಾಳದ ಹಿನ್ನೀರಿಗೆ ಚಳಿಗಾಲದಲ್ಲಿ ಡೆಮೊಸೆಲ್ ಕ್ರೌಂಚಗಳು ಬರುತ್ತವೆ, ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಹಿಮಾಲಯ ದಾಟಿ. 1974ರಲ್ಲಿ ಈ ಹಿನ್ನೀರಿನ ತಾಣ ಘಟಪ್ರಭಾ ಪಕ್ಷಿಧಾಮವಾಯಿತು. ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಆರಿಸುವ ಜೋಡಿಯ ನಡುವೆ ಬಣ್ಣ ಮಾಸಿದಂತಿರುವ ಎಳೆಯದೊಂದು ನಡೆದುಬರುತ್ತದೆ. ಅದಕ್ಕೆ ಇದು ಮೊದಲ ಯಾತ್ರೆ, ದಾರಿ ಗೊತ್ತಿರುವುದು ಹಿರಿಯರಿಗೆ. ಅಮೆರಿಕದ ವೂಪಿಂಗ್ ಕ್ರೌಂಚಗಳಲ್ಲಿ ಏಳು ವರ್ಷದ ಹಿರಿಯ ಹಕ್ಕಿಯೊಂದು ಜತೆಗಿದ್ದರೆ ಗುಂಪು ದಾರಿ ತಪ್ಪುವುದು ಸುಮಾರು ಶೇ 38ರಷ್ಟು ಕಡಿಮೆ ಎಂದು 2013ರ ಅಧ್ಯಯನ ಕಂಡುಕೊಂಡಿತು.

ಹುಕ್ಕೇರಿ ಕಡೆಯ ಹಳ್ಳಿಯ ಅಡುಗೆಮನೆಯಲ್ಲಿ ಆಯಿ ಮೊಮ್ಮಗಳಿಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದಾಳೆ. ಕಲಿಸುತ್ತಿದ್ದಾಳೆ ಎಂದರೂ ಅವಳು ಏನೂ ಹೇಳುವುದಿಲ್ಲ. ಬಿಸಿನೀರು ಹಾಕಿ ನಾದಿದ ಹಿಟ್ಟಿನ ಮುದ್ದೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ತಟ್ಟುತ್ತ ಸುತ್ತಿಸುತ್ತಾಳೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ, ಕೈಯ ಭಾರ ಒಂದಿಷ್ಟು ಹೆಚ್ಚಾದರೂ ಅಂಚು ಬಿರಿಯುತ್ತದೆ. ಈ ಜೋಳವನ್ನು ಪೂರ್ವ ಸುಡಾನಿನ ರೈತರು ಐದು ಸಾವಿರ ವರ್ಷಗಳ ಹಿಂದೆ ಪಳಗಿಸಿದರು. ಅದು ಸಮುದ್ರ ದಾಟಿ ಬರುವ ಮುಂಚೆ ಕರ್ನಾಟಕದ ಬೂದಿದಿಬ್ಬಗಳ ದನಗಾಹಿಗಳು ಉಂಡದ್ದು ಕೊರಲೆ, ಹುರುಳಿ, ಹೆಸರು. ಇನ್ನೂ ಹಿಂದೆ, ಇದೇ ಘಟಪ್ರಭೆಯ ದಂಡೆಯಲ್ಲಿ, ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ ಕೈಗೊಡಲಿಗಳು ಸಿಕ್ಕಿವೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದು ತೆಗೆದ ಅಂಥ ಕೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ. ಎರಡೂ ಮಗ್ಗುಲು ಸಮನಾಗಿ ಚಕ್ಕೆ ಎಬ್ಬಿಸಿದ ಆ ಕಲ್ಲುಗಳನ್ನು ಮಾತು ಬಲಿಯದ ಕಾಲದಲ್ಲಿ ಒಬ್ಬರು ಮಾಡಿದ್ದಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಿದ್ದಾರೆ.

ಹುಡುಗಿಯ ರೊಟ್ಟಿ ಮತ್ತೆ ಬಿರಿಯಿತು. “ಆಯಿ, ನಿಂದು ಹ್ಯಾಂಗ ಒಡ್ಯೂದಿಲ್ಲ?” ಆಯಿ ಉತ್ತರಿಸದೆ ಹಿಟ್ಟನ್ನು ಮುದ್ದೆ ಮಾಡಿ ಅವಳತ್ತ ತಳ್ಳಿದಳು. “ನನ್ನ ಮಾರಿ ನೋಡಬ್ಯಾಡ, ಕೈ ನೋಡು.”